ಇಲಿಯ ಗರ್ಭಕೋಶದ ಕಪ್ಪು ಚುಕ್ಕೆಗಳು

ತೊಂಬತ್ತರ ದಶಕದ ಕೊನೆಯ ವರ್ಷಗಳಲ್ಲಿ ನನ್ನ ಬೆರಳುಗಳು ಸದಾ ಹಳದಿಯಾಗಿರುತ್ತಿದ್ದವು. ಬನಶಂಕರಿ ಬಸ್ಸಿನ ಕಂಡಕ್ಟರೊಬ್ಬರು ಚಿಲ್ಲರೆ ಕೊಡುವಾಗ ನೋಡಿ, "ಏನ್ ಮೇಡಂ, ಮನೇಲಿ ಅರಿಶಿನದ ಶಾಸ್ತ್ರನಾ?" ಎಂದು ಕೇಳಿದ್ದರು. ಹೌದೆಂದು ತಲೆಯಾಡಿಸಿದೆ. ಅದು ಇಲಿಯ ಅಂಡಾಶಯ ಮುಳುಗಿಸಿಡುವ ದ್ರಾವಣದ ಬಣ್ಣ ಎಂದು ತುಂಬಿದ ಬಸ್ಸಿನಲ್ಲಿ ಹೇಗೆ ಹೇಳುವುದು?

ಜಯನಗರದ ಕಾಲೇಜೊಂದರ ಪ್ರಾಣಿಶಾಸ್ತ್ರ ವಿಭಾಗದಲ್ಲಿ ನಾನಾಗ ಡೆಮಾನ್‌ಸ್ಟ್ರೇಟರ್. ಬಿಳಿ ಇಲಿಗಳನ್ನು ಕೊಯ್ದು ಅವುಗಳ ಅಂಡಾಶಯ, ಗರ್ಭಕೋಶ, ವೃಷಣ ತೆಗೆಯಬೇಕು. ಕೊಳೆಯದಂತೆ ಆ ಹಳದಿ ದ್ರಾವಣದಲ್ಲಿಡಬೇಕು. ಆಮೇಲೆ ಮೇಣದೊಳಗೆ ಕೂರಿಸಿ, ಮೈಕ್ರೋಟೋಮ್ ಎಂಬ ಯಂತ್ರದ ಹಿಡಿ ತಿರುಗಿಸುತ್ತಾ ಕೂದಲಿಗಿಂತ ತೆಳ್ಳಗೆ ಸೀಳಬೇಕು. ಸೀಳುಗಳು ಒಂದಕ್ಕೊಂದು ಅಂಟಿಕೊಂಡು ರಿಬ್ಬನ್ನಿನಂತೆ ಇಳಿದು ಬರುತ್ತವೆ. ಅದಕ್ಕೆ ಕೈ ನಿಧಾನವಿರಬೇಕು. ನನ್ನದೋ, ಕೂತಲ್ಲಿ ಕೂರದ ಜೀವ. ಉಸಿರು ಬಿಟ್ಟರೂ ಹಾರಿಹೋಗುವ ರಿಬ್ಬನ್ನನ್ನು ಎಷ್ಟು ಸಲ ಹರಿದಿದ್ದೇನೋ, ಎಷ್ಟು ಸಲ ಯಂತ್ರವನ್ನೇ ಬೈದಿದ್ದೇನೋ. ಸೀಳು ಗಾಜಿಗೆ ಅಂಟಿಕೊಳ್ಳಲು ಮೊಟ್ಟೆಯ ಬಿಳಿ ಸವರಬೇಕಿತ್ತು. ಒಮ್ಮೆ ಲ್ಯಾಬಿಗೆಂದು ಕೊಂಡಿದ್ದ ಮೊಟ್ಟೆ ಬ್ಯಾಗಿನಲ್ಲೇ ಉಳಿದು ಮನೆಯವರೆಗೂ ಬಂದು, ಅಮ್ಮ "ಅಯ್ಯೋ ಶಿವನೇ!" ಎಂದು ಬ್ಯಾಗನ್ನೇ ಬಚ್ಚಲಿಗೆ ಎಸೆದಿದ್ದಳು.

ನಮ್ಮದು ಲಿಂಗ ಕಟ್ಟಿಕೊಳ್ಳುವ ಮನೆ. ಅಪ್ಪ ಚಿತ್ರದುರ್ಗದ ಕಡೆಯಿಂದ ಬಂದು ಜಯನಗರ ನಾಲ್ಕನೇ ಬ್ಲಾಕಿನ ಹತ್ತಿರ ಬಟ್ಟೆ ಅಂಗಡಿ ಇಟ್ಟಿದ್ದರು. ಬನಶಂಕರಿಯಲ್ಲಿ ಮಹಡಿ ಮನೆ ಬಾಡಿಗೆಗೆ ಹಿಡಿದಿದ್ದೆವು. ಅಪ್ಪ, ಅಮ್ಮ, ನಾನು, ಮೂವರೇ. ಅವರಿಗೆ ಮದುವೆಯಾಗಿ ಬಹಳ ವರ್ಷಗಳ ಮೇಲೆ ಹುಟ್ಟಿದ ಒಬ್ಬಳೇ ಮಗಳು ನಾನು.

ಕೆಳಗಿನ ಮನೆಯ ಓನರ್ ಆಂಟಿಯದು ಮಡಿ ಮೈಲಿಗೆಯ ಸಂಸಾರ. ಅವರ ಸೊಸೆ ಮುಟ್ಟಾದರೆ ಮೂರು ದಿನ ಹಿತ್ತಲ ಕಡೆಯ ಕೋಣೆಯಲ್ಲಿ ಚಾಪೆ, ಚೊಂಬು, ತಟ್ಟೆ ಇಟ್ಟುಕೊಂಡು ಕೂರಬೇಕು. ಅದನ್ನು ಕಂಡಾಗಲೆಲ್ಲ ಅಮ್ಮನ ಮೂಗು ಮೇಲೇರುತ್ತಿತ್ತು. "ನಮ್ಮಲ್ಲಿ ಈ ಗೋಳೆಲ್ಲ ಇಲ್ಲಪ್ಪ. ಲಿಂಗ ಮೈಮೇಲಿರೋವಾಗ ಎಲ್ಲಿಯ ಮೈಲಿಗೆ?" ಎನ್ನುತ್ತಿದ್ದಳು. ಮುಟ್ಟಾಗಿದ್ದರೂ ಅಡುಗೆ ಮಾಡುತ್ತಿದ್ದಳು, ಎಡಗೈಯಲ್ಲಿ ಲಿಂಗ ಇಟ್ಟುಕೊಂಡು ಪೂಜೆ ಮಾಡುತ್ತಿದ್ದಳು. ನನಗೂ ಆ ವಿಷಯದಲ್ಲಿ ಭಾರೀ ಜಂಬ. ಕಾಲೇಜಿನಲ್ಲಿ ಗೆಳತಿಯರ ಮುಂದೆ ಕೊಚ್ಚಿಕೊಳ್ಳುತ್ತಿದ್ದೆ. ಆ ಜಂಬದ ಹಿಂದೆಯೇ ಅಮ್ಮ ತನ್ನ ಕಾಯಿಲೆಯನ್ನು ಬಚ್ಚಿಟ್ಟುಕೊಂಡಿದ್ದಳು.

ಒಂದು ಭಾನುವಾರ ತಾರಸಿಯಲ್ಲಿ ಸಂಡಿಗೆ ಹಾಕುತ್ತಿದ್ದ ಓನರ್ ಆಂಟಿ ನನ್ನನ್ನು ಪಕ್ಕಕ್ಕೆ ಕರೆದರು. ಸುತ್ತ ಯಾರೂ ಇಲ್ಲದಿದ್ದರೂ ದನಿ ತಗ್ಗಿಸಿದರು.

"ತಪ್ಪು ತಿಳ್ಕೋಬೇಡಮ್ಮ. ನಿಮ್ಮ ತಾಯಿ ತಿಂಗಳೆಲ್ಲಾ ಆ ಬಟ್ಟೆ ಒಣಗಾಕ್ತಾರಲ್ಲ, ಸೀರೆ ಅಡಿಗೆ? ಈಗೊಂದ್ ಮೂರ್ನಾಲ್ಕು ತಿಂಗಳಿಂದ ನೋಡ್ತಿದೀನಿ. ನಮ್ಮನೇಲಾದ್ರೆ ನಾಲ್ಕನೇ ದಿನವೇ ಯಾಕ್ ಇನ್ನೂ ಒಳಗ್ ಬಂದಿಲ್ಲ ಅಂತ ಕೇಳ್ಬಿಡ್ತೀವಿ. ನಿಮ್ಮನೇಲಿ ಕೇಳೋರು ಯಾರು?"

ಅವರು ಹೇಳಿದ್ದು ಅಕ್ಷರಶಃ ನಿಜ. ಕೆಳಗಿನ ಮನೆಯಲ್ಲಿ ಒಂದು ದಿನ ಹೆಚ್ಚಾದರೂ ಮನೆಗೆ ಮನೆಯೇ ಗಮನಿಸುತ್ತಿತ್ತು. ನಮ್ಮಲ್ಲಿ ಯಾರೂ ಹೊರಗೆ ಕೂರುವುದಿಲ್ಲವಾದ್ದರಿಂದ ಅಮ್ಮ ತಿಂಗಳಿಡೀ ರಕ್ತ ಸುರಿಸಿಕೊಂಡು ರೊಟ್ಟಿ ಬಡಿದರೂ ಗೊತ್ತಾಗುವ ಹಾಗಿರಲಿಲ್ಲ. ಅವಳು ಈಚೆಗೆ ಬರೀ ಕಡುಬಣ್ಣದ ಸೀರೆ ಉಡುತ್ತಿದ್ದುದು, ಮೆಟ್ಟಿಲು ಹತ್ತುವಾಗ ನಡುವೆ ನಿಂತು ಬೀದಿ ನೋಡುವ ನೆಪ ಮಾಡುತ್ತಿದ್ದುದು ಎಲ್ಲ ಒಟ್ಟಿಗೆ ನೆನಪಾಯಿತು. ದಡದಡನೆ ಕೆಳಗಿಳಿದೆ.

"ಎಷ್ಟು ದಿನದಿಂದ ಹೀಗೆ?" ಎಂದೆ.

"ಏನ್ ಹೀಗೆ?" ಅಮ್ಮ ಬೀನ್ಸ್ ಬಿಡಿಸುತ್ತಿದ್ದಳು.

"ನಾಟಕ ಆಡ್ಬೇಡ. ರೆಪ್ಪೆ ಎಳೆದು ತೋರ್ಸು." ನಾನೇ ಎಳೆದು ನೋಡಿದೆ. ಒಳಗೆ ಕೆಂಪೇ ಇರಲಿಲ್ಲ, ಸುಣ್ಣದ ಗೋಡೆ.

"ಈ ವಯಸ್ಸಿಗೆ ಎಲ್ರಿಗೂ ಹಾಗೇ ಕಣೇ, ನಿಲ್ಲೋ ಮುಂಚೆ. ಇಲಿ ಕೊಯ್ದು ಕೊಯ್ದು ನನ್ನನ್ನೂ ಇಲಿ ಮಾಡ್ಕೊಂಡ್ಯಾ? ಕೈ ಬಿಡು."

ಹಟ ಹಿಡಿದು ಮರುದಿನವೇ ಜಯನಗರದ ನರ್ಸಿಂಗ್ ಹೋಮಿಗೆ ಕರೆದೊಯ್ದೆ. ಸ್ಕ್ಯಾನಿಂಗ್ ಆಯಿತು, ರಕ್ತ ಪರೀಕ್ಷೆ ಆಯಿತು. ಗರ್ಭಕೋಶದ ತುಂಬ ಗಡ್ಡೆಗಳು. ಡಾಕ್ಟರಮ್ಮ ಮುಚ್ಚುಮರೆಯಿಲ್ಲದೆ ಹೇಳಿದರು: "ಕ್ಯಾನ್ಸರ್ ತರ ಕಾಣ್ತಿಲ್ಲ. ಆದ್ರೆ ರಕ್ತ ಇಷ್ಟು ಕಡಿಮೆ ಇದ್ಕೊಂಡು ಇವ್ರು ಓಡಾಡ್ತಿರೋದೇ ಹೆಚ್ಚು. ಹೀಗೇ ಹೋಗ್ತಿದ್ರೆ ಒಂದಿನ ಹಾರ್ಟ್ ಕೈಕೊಡತ್ತೆ. ರಕ್ತ ಏರಿಸಿ ಗರ್ಭಕೋಶ ತೆಗೆದ್ಬಿಡೋಣ."

ಅಮ್ಮ ಎದ್ದು ನಿಂತು ಸೆರಗು ಸರಿಮಾಡಿಕೊಂಡಳು. "ತೆಗಿಸಲ್ಲ ನಾನು," ಎಂದವಳೇ ಹೊರಗೆ ಹೋಗಿ ಆಟೋ ಕೂಗಿದಳು.

ಆಮೇಲಿನ ವಾರಗಳನ್ನು ನೆನೆದರೆ ಈಗಲೂ ನನ್ನ ಕಾಲು ತಾನೇ ಅಲ್ಲಾಡುತ್ತದೆ. ಬೆಳಿಗ್ಗೆ ಹಲ್ಲುಜ್ಜುವಾಗಲೇ ಜಗಳ. ಅಪ್ಪ "ಹೇಳಿದ್ ಕೇಳೇ" ಎಂದು ಒಂದು ಸಲ ಹೇಳಿ ಅಂಗಡಿಗೆ ಹೋಗಿಬಿಡುವವರು. ಅವರಿಗೆ ಈ ವಿಷಯ ಬಾಯಲ್ಲಿ ಹೇಳಲೂ ಸಂಕೋಚ. ನಾನು ಲ್ಯಾಬಿನಲ್ಲಿ ಕೂತರೆ ಮನೆ ಕಡೆ ಪ್ರಾಣ. ಪಿರಿಯಡ್ಡಿನ ನಡುವೆ ಹೊರಗೋಡಿ ಕಾಯಿನ್ ಬೂತಿನಿಂದ ಮನೆಗೆ ಫೋನ್ ಮಾಡುವೆ. ಅಮ್ಮ ಎತ್ತಿ "ಇದೀನಿ, ಸತ್ತಿಲ್ಲ" ಎಂದು ಇಟ್ಟುಬಿಡುವಳು. ಎತ್ತುವುದು ತಡವಾದರೆ ಜೀವ ಬಾಯಿಗೆ ಬರುತ್ತಿತ್ತು. ಆ ಗಾಬರಿಯಲ್ಲಿ ಸೀಳಿದ ಒಂದು ರಿಬ್ಬನ್ನೂ ನೆಟ್ಟಗೆ ಬರಲಿಲ್ಲ. ವಿದ್ಯಾರ್ಥಿಗಳ ಮೇಲೆ ರೇಗುತ್ತಿದ್ದೆ. "ಪುಸ್ತಕದಲ್ಲಿರೋದನ್ನ ಬಿಡಿಸ್ಬೇಡಿ, ಕಣ್ಣಿಗೆ ಕಂಡಿದ್ದನ್ನ ಬಿಡಿಸಿ" ಎಂಬ ನನ್ನ ಒಂದೇ ಮಂತ್ರವನ್ನು ಅವರಿಗೆ ದಿನಾ ಒದರುತ್ತಿದ್ದೆ. ಆ ಮಂತ್ರ ಮನೆಯಲ್ಲೂ ಎಲ್ಲರಿಗೂ ಬಾಯಿಪಾಠವಾಗಿತ್ತು.

ಬಾಯಿಮಾತಿಗೆ ಅಮ್ಮ ಬಗ್ಗಳೆಂದು ಖಚಿತವಾದ ಮೇಲೆ ನನಗೊಂದು ಹುಚ್ಚು ಯೋಚನೆ ಬಂತು. ಗರ್ಭಕೋಶವೆಂದರೆ ಏನೋ ದೇವರ ಗುಡಿಯಂತೆ ಆಡುತ್ತಾಳಲ್ಲ, ಅದೊಂದು ಮಾಂಸದ ಚೀಲ ಅಷ್ಟೇ ಎಂದು ತೋರಿಸಿಬಿಟ್ಟರೆ? ಶನಿವಾರ ಮಧ್ಯಾಹ್ನ, ಕಾಲೇಜು ಖಾಲಿಯಾಗುವ ಹೊತ್ತಿಗೆ, ನಾಲ್ಕನೇ ಬ್ಲಾಕಿನಲ್ಲಿ ಹೂವು ಕೊಳ್ಳುವ ನೆಪದಲ್ಲಿ ಕರೆತಂದು ಅವಳನ್ನು ಲ್ಯಾಬಿನ ಸ್ಟೂಲಿನ ಮೇಲೆ, ಮೈಕ್ರೋಸ್ಕೋಪಿನ ಮುಂದೆ ಕೂರಿಸಿದೆ. ಫಾರ್ಮಲಿನ್ ವಾಸನೆಗೆ ಅಮ್ಮ ಸೆರಗನ್ನು ಮೂಗಿಗೆ ಒತ್ತಿಕೊಂಡಳು.

"ಒಂದ್ ಕಣ್ಣು ಮುಚ್ಕೊಂಡು ನೋಡು. ಇದು ಇಲಿಯ ಗರ್ಭಕೋಶ, ಅಡ್ಡಕ್ಕೆ ಸೀಳಿದ್ದು. ಹೊರಗಡೆ ಗುಲಾಬಿ ಬಣ್ಣದ್ದು ಸ್ನಾಯು. ಒಳಗಡೆ ನೇರಳೆ ಅಂಚು ಕಾಣತ್ತಲ್ಲ, ಅದು ಒಳಪದರ."

ಅಮ್ಮ ಬಹಳ ಹೊತ್ತು ನೋಡಿದಳು. "ರವಿಕೆ ಕಣದ ಹಾಗಿದೆ," ಎಂದಳು. ಆಮೇಲೆ, "ಇಲ್ಲೇನು ಒಂದ್ ಕಡೆ ಕಂದು ಪುಡಿ ಉದುರ್ಸಿದ್ದೀಯ? ಕೊಳೆಯಾ?"

"ಕೊಳೆ ಅಲ್ಲ. ಮರಿ ಅಂಟ್ಕೊಂಡಿದ್ದ ಜಾಗ." ಕಿಟಕಿಯ ಬಳಿಯ ಜಾಡಿ ತಂದು ಮುಂದಿಟ್ಟೆ. ಅದರಲ್ಲಿ ಇಲಿಯ ಇಡೀ ಗರ್ಭಕೋಶ ಎರಡು ಕವಲಾಗಿ ಚಾಚಿಕೊಂಡಿತ್ತು. ಕವಲುಗಳ ಉದ್ದಕ್ಕೂ ಅಲ್ಲಲ್ಲಿ ಸಾಸಿವೆಯಂಥ ಕಪ್ಪು ಚುಕ್ಕೆಗಳು. "ಇಲಿ ಮರಿ ಹಾಕಿದ್ಮೇಲೂ ಒಂದೊಂದು ಮರಿ ಇದ್ದ ಕಡೆ ಒಂದೊಂದು ಚುಕ್ಕೆ ಉಳಿಯತ್ತೆ. ಹಳೇ ರಕ್ತದ ಕಲೆ. ಎಷ್ಟು ಕಟ್ಟಿತ್ತು ಅಂತ ಎಣಿಸ್ಬೋದು."

"ಹುಟ್ಟದೇ ಹೋದ ಮರೀದೂ?"

"ಅದರದ್ದೂ ಉಳಿಯತ್ತೆ."

ಅಮ್ಮ ಸೆರಗನ್ನು ಮೂಗಿನಿಂದ ತೆಗೆದಳು. ಜಾಡಿಯನ್ನು ಬೆಳಕಿಗೆ ತಿರುಗಿಸಿ, ತುಟಿ ಅಲ್ಲಾಡಿಸುತ್ತಾ ಎಣಿಸತೊಡಗಿದಳು. ಎಣಿಸಿ ಮುಗಿಸಿ ನನ್ನ ಮುಖ ನೋಡಿದಳು.

"ಮನುಷ್ಯರಿಗೂ ಉಳಿಯತ್ತಾ?"

"ಇಲ್ಲಮ್ಮ. ನಮ್ಮ ಒಳಪದರ ತಿಂಗಳು ತಿಂಗಳೂ ಕಳಚಿ ಹೋಗತ್ತೆ. ಏನೂ ಉಳಿಯಲ್ಲ."

"ನೀನ್ ನೋಡಿದೀಯಾ?"

"ಪುಸ್ತಕದಲ್ಲಿದೆ."

"ನೋಡಿಲ್ಲ ಅನ್ನು." ಜಾಡಿಯನ್ನು ಮೆಲ್ಲಗೆ ಕೆಳಗಿಟ್ಟಳು. "ನಿನಗಿಂತ ಮುಂಚೆ ಒಂದ್ ಗಂಡು ಹುಟ್ಟಿತ್ತು. ತುಂಬಿದ ತಿಂಗಳು. ಅಳಲೇ ಇಲ್ಲ. ನನಗೊಂದ್ ಸಲ ತೋರಿಸ್ಲೂ ಇಲ್ಲ, ನಿಮ್ಮಜ್ಜಿ ಬಟ್ಟೇಲಿ ಸುತ್ಕೊಂಡು ಹೋಗ್ಬಿಟ್ರು. ಅದು ಈ ಲೋಕದಲ್ಲಿ ಇದ್ದಿದ್ದು ಅಂದ್ರೆ ಅದೊಂದೇ ಜಾಗ. ಅದನ್ನೂ ಕಿತ್ತು ಕೊಟ್ಬಿಡು ಅಂತೀಯಲ್ಲೇ."

ಇಷ್ಟು ವರ್ಷ ನಾನೊಬ್ಬಳೇ ಎಂದುಕೊಂಡಿದ್ದೆ. ಸಮಾಧಾನ ಹೇಳಬೇಕಿದ್ದವಳು ನಾನು, ಬಂದದ್ದು ಸಿಟ್ಟು. ಮೇಜುಗಳ ನಡುವೆ ಆ ಕಡೆಯಿಂದ ಈ ಕಡೆಗೆ ಓಡಾಡುತ್ತಾ ಕೂಗಿದೆ: "ನಾನೂ ಅಲ್ಲೇ ಇದ್ದೆನಲ್ಲಮ್ಮ! ನಾನು ಹೊರಗೆ ಬಂದಿದೀನಿ, ಬದುಕಿದೀನಿ, ನಿನ್ನ ಕಣ್ಣೆದುರಿಗೇ ನಿಂತಿದೀನಿ. ಅವನ ಜಾಗ ಕಾಯ್ಕೊಂಡು ನೀನು ಹೋಗ್ಬಿಟ್ರೆ ನನ್ನ ಗತಿ ಏನು? ನನಗ್ಯಾರಿದಾರೆ?" ಹೇಳುತ್ತಾ ಹೇಳುತ್ತಾ ಅಳು ಒತ್ತರಿಸಿ ಬಂತು. ಹಳದಿ ಕೈಗಳಲ್ಲೇ ಮುಖ ಮುಚ್ಚಿಕೊಂಡೆ.

ಅಮ್ಮ ಸ್ವಲ್ಪ ಹೊತ್ತು ಅಳಲು ಬಿಟ್ಟಳು. ಆಮೇಲೆ ಸೆರಗಿನಿಂದ ನನ್ನ ಮೂಗು ಒರೆಸಿದಳು, ಒಂದನೇ ಕ್ಲಾಸಿನ ಹುಡುಗಿಗೆ ಒರೆಸಿದ ಹಾಗೆ, ನೋವಾಗುವಷ್ಟು ಗಟ್ಟಿಯಾಗಿ.

"ಸರಿ, ತೆಗಿಸ್ತೀನಿ. ಆದ್ರೆ ತೆಗೆದ್ಮೇಲೆ ನೀನು ನೋಡ್ಬೇಕು. ಗುರುತು ಇದ್ಯಾ ಇಲ್ವಾ, ನೋಡಿ ನನಗೆ ಹೇಳ್ಬೇಕು."

"ಹೇಳಿದ್ನಲ್ಲಮ್ಮ, ಮನುಷ್ಯರಿಗೆ..."

"ಪುಸ್ತಕದಲ್ಲಿರೋದು ಬೇಡ. ಕಣ್ಣಿಗೆ ಕಂಡಿದ್ದು ಹೇಳು," ಎಂದಳು ಅಮ್ಮ, ನನ್ನ ದನಿಯಲ್ಲೇ.

ರಕ್ತ ಏರಿಸಿದರು. ಆಪರೇಷನ್ನಿನ ದಿನ ನರ್ಸ್ ಒಡವೆಗಳನ್ನೆಲ್ಲ ಬಿಚ್ಚಿಸಿದರು. ಲಿಂಗ ಮಾತ್ರ ಮೈಬಿಟ್ಟು ಇಳಿಯುವುದಿಲ್ಲವೆಂದು ಅಮ್ಮ ಹಟ ಹಿಡಿದಾಗ ಡಾಕ್ಟರಮ್ಮನೇ ಬಂದು ಬಟ್ಟೆಯಲ್ಲಿ ಸುತ್ತಿ ರಟ್ಟೆಗೆ ಕಟ್ಟಲು ಒಪ್ಪಿದರು. ಬಾಗಿಲು ಮುಚ್ಚಿತು. ಅಪ್ಪ ಬೆಂಚಿನ ಮೇಲೆ ಕಣ್ಣು ಮುಚ್ಚಿ ಕೂತರು. ನನಗೆ ಕೂರಲಾಗಲಿಲ್ಲ. ಕಾರಿಡಾರ್ ಅಳೆದೆ, ಕೆಳಗಿಳಿದು ಕಾಫಿ ತಗೊಂಡು ಕುಡಿಯದೆ ಚೆಲ್ಲಿದೆ, ಮತ್ತೆ ಮೇಲೆ ಬಂದೆ.

ಕೊನೆಗೊಮ್ಮೆ ಬಾಗಿಲು ತೆರೆಯಿತು. ಆಗೆಲ್ಲ ತೆಗೆದದ್ದನ್ನು ಮನೆಯವರಿಗೆ ತೋರಿಸಿಯೇ ಲ್ಯಾಬಿಗೆ ಕಳಿಸುವ ಪದ್ಧತಿ. ನರ್ಸ್ ಸ್ಟೀಲ್ ಟ್ರೇ ಹಿಡಿದು ಬಂದರು. "ಪೇಷೆಂಟ್ ಚೆನ್ನಾಗಿದಾರೆ. ನೋಡ್ಕೊಳ್ಳಿ," ಎಂದರು. ಅಪ್ಪ ಗೋಡೆ ಕಡೆ ತಿರುಗಿದರು. ನಾನು ಬಗ್ಗಿದೆ. ದೊಡ್ಡ ಗೆಣಸಿನ ಹಾಗೆ ಅಂಕುಡೊಂಕಾಗಿ, ಗಡ್ಡೆಗಳಿಂದ ಉಬ್ಬಿ, ಹೊಳೆಯುತ್ತಿತ್ತು. ಡಾಕ್ಟರು ಒಂದು ಕಡೆ ಕೊಯ್ದು ತೆರೆದಿದ್ದರು. ಒಳಗೆ ಇಣುಕಿದೆ. ಎಷ್ಟೋ ಇಲಿಗಳದ್ದನ್ನು ನೋಡಿದ ಕಣ್ಣು ನನ್ನದು, ಆದರೆ ನಾನಿದ್ದ ಮನೆಯನ್ನು ನೋಡುತ್ತಿದ್ದದ್ದು ಅದೇ ಮೊದಲು. ಕಣ್ಣು ಮಂಜಾಯಿತು, ಒರೆಸಿಕೊಂಡು ಮತ್ತೆ ನೋಡಿದೆ. ಕೆಂಪು ಪದರ, ಹೆಪ್ಪುಗಟ್ಟಿದ ರಕ್ತ. ಗುರುತೆಂಬುದು ಒಂದೂ ಇರಲಿಲ್ಲ.

ಮರುದಿನ ಬೆಳಿಗ್ಗೆ ಅಮ್ಮನಿಗೆ ಪೂರ್ತಿ ಎಚ್ಚರವಾಯಿತು. ಮಂಚದ ಪಕ್ಕ ಕಾಲು ಅಲ್ಲಾಡಿಸುತ್ತಾ ಕೂತಿದ್ದೆ. ಅವಳು ಕೈ ಚಾಚಿ ನನ್ನ ಮಂಡಿ ಹಿಡಿದು ನಿಲ್ಲಿಸಿದಳು.

"ನೋಡ್ದ್ಯಾ?"

"ನೋಡ್ದೆ."

"ಇತ್ತಾ?"

ಪುಸ್ತಕದಲ್ಲಿ ಇಲ್ಲ, ಕಣ್ಣಿಗೂ ಕಂಡಿರಲಿಲ್ಲ. "ಇತ್ತಮ್ಮ," ಎಂದೆ. "ಎರಡಿತ್ತು. ಒಂದರ ಪಕ್ಕ ಒಂದು."

ಅಮ್ಮ ನನ್ನನ್ನೇ ನೋಡಿದಳು. ಅವಳ ಕಣ್ಣಂಚಿನಿಂದ ನೀರಿಳಿದು ಕಿವಿಯೊಳಗೆ ಹೋಯಿತು. ಒಣಗಿದ ತುಟಿ ಸ್ವಲ್ಪ ನಕ್ಕಂತೆಯೂ ಇತ್ತು.

"ಸರಿಯಾಗಿ ನೋಡಿಲ್ಲ ಕಣೇ ನೀನು," ಎಂದಳು. "ಹುಟ್ಟದೇ ಹೋದದ್ದೂ ಒಂದಿತ್ತು. ಮೂರಿರ್ಬೇಕು."