ಹನ್ನೊಂದು ಬಿಲ್ಲೆ

ಎಪ್ಪತ್ತರ ದಶಕದ ಕೊನೆಯಲ್ಲಿ, ಪೀಣ್ಯದಲ್ಲಿ ತಗಡು ಒತ್ತಿ ಕತ್ತರಿಸುವ ನಮ್ಮ ಪ್ರೆಸ್ ಶಾಪಿನಲ್ಲಿ ಹಾಜರಿಗೆ ಬಿಲ್ಲೆಯೇ ಸಾಕ್ಷಿ. ನಂಬರ್ ಹೊಡೆದ ಬಿಲ್ಲೆ ಗೇಟಿನ ಪೆಟ್ಟಿಗೆಗೆ ಬಿದ್ದರೆ ಆಳು ಬಂದ ಲೆಕ್ಕ. ಪಕ್ಕದ ಮಷೀನಿನ ಗೆಳೆಯನಿಗೆ ತಡವಾದ ದಿನ ಅವನ ಬಿಲ್ಲೆಯನ್ನೂ ನಾನೇ ಹಾಕುತ್ತಿದ್ದೆ. ನನಗೆ ತಡವಾದರೆ ಅವನು.

ಆ ಡಿಸೆಂಬರಿನಲ್ಲಿ ಕನಕಪುರದಾಚೆಯ ಕಾವೇರಿ ಕಮರಿಗೆ ಹೋಗಿಬರುವ ಯೋಜನೆ ಅವನದೇ. ಚಳಿಗಾಲದಲ್ಲಿ ನೀರು ಇಳಿದು ಬಂಡೆಗಳು ಕಾಣುತ್ತವೆ ಎಂದು ಒಂದು ತಿಂಗಳು ಟೀ ಹೊತ್ತಿನಲ್ಲೆಲ್ಲ ಅದೇ ಮಾತು. ವ್ಯಾನು, ಚಿತ್ರಾನ್ನ, ಹೊರಡುವ ಹೊತ್ತು ಎಲ್ಲ ಗೊತ್ತುಮಾಡಿದ. ನಾವು ಹನ್ನೊಂದು ಜನ. ಯಾರೂ ಹಿಂದೆ ಉಳಿಯಬಾರದೆಂದು ಗುಜರಿ ತಗಡಿನಲ್ಲಿ ಹನ್ನೊಂದು ಬಿಲ್ಲೆ ಕತ್ತರಿಸಿ, ನಂಬರ್ ಹೊಡೆದು ಹಂಚಿದ. ವಾಪಸು ಬಂದವರು ಅದನ್ನು ವ್ಯಾನಿನ ಡಬ್ಬಿಗೆ ಹಾಕಬೇಕು, ಹನ್ನೊಂದಾದರೆ ಹೊರಡಬೇಕು.

ಸಂಜೆ ಕಮರಿಯಿಂದ ಮೇಲೆ ಹತ್ತುವಾಗ ಅವನು ನಿಂತ. "ಸ್ವೆಟರ್ ಬಂಡೆ ಮೇಲೇ ಬಿಟ್ಬಂದೆ ಕಣೋ. ನಂದೂ ಹಾಕ್ಬಿಡು, ಹಿಂದೇನೇ ಬರ್ತೀನಿ" ಎಂದು ಬಿಲ್ಲೆ ಕೊಟ್ಟ.

ನಾನು ಎರಡೂ ಹಾಕಿದೆ. ಮುಂದಿನ ಸೀಟಿನಲ್ಲಿ ಕೂತ ನನಗೆ ಹಾಗೇ ನಿದ್ದೆ ಹತ್ತಿತು. ಡ್ರೈವರ್ ಬಿಲ್ಲೆ ಎಣಿಸಿದ, ಸರಿಯಿತ್ತು, ಹೊರಟ.

ಕನಕಪುರದಲ್ಲಿ ಟೀಗೆ ಇಳಿದಾಗ ಹತ್ತೇ ಜನ. ವ್ಯಾನು ತಿರುಗಿಸಿಕೊಂಡು ಹೋದೆವು. ಸ್ವೆಟರ್ ಬಂಡೆಯ ಮೇಲೇ ಇತ್ತು. ಅವನು ಕೊನೆಗೂ ಸಿಗಲಿಲ್ಲ.

ಅವನ ಯೋಜನೆಯಲ್ಲೇ ತಪ್ಪಿತ್ತು ಎಂದು ಯಾರಾದರೂ ಅಂದರೆ ನನಗೆ ಇವತ್ತಿಗೂ ಸಿಟ್ಟು ಬರುತ್ತದೆ. ಡಬ್ಬಿ ನನ್ನ ಬಳಿಯೇ ಇದೆ. ಪ್ರತಿ ಡಿಸೆಂಬರಿನಲ್ಲೂ ಬಿಲ್ಲೆಗಳನ್ನು ಸುರಿದು ಎಣಿಸುತ್ತೇನೆ. ಒಂದಾದರೂ ಕಡಿಮೆ ಬರಲಿ ಎಂದುಕೊಳ್ಳುತ್ತೇನೆ. ಹನ್ನೊಂದೇ ಬರುತ್ತವೆ.