ಕೊಟ್ಟೂರು ರಸ್ತೆಯ ಹುರುಳಿ

ಎರಡು ಚಕ್ರದ ಗಣ್ಯರೇ, ನಾಲ್ಕು ಚಕ್ರದ ಮಾನ್ಯರೇ, ಬಸ್ಸಿನಲ್ಲೇ ಓಡಾಡುವ ಧನ್ಯರೇ!

ನಲವತ್ತೈದಕ್ಕೆ ಬೈಕ್ ಕಲಿಯುತ್ತಿರುವ ನಾನು ಇಂದು ಮಧ್ಯಾಹ್ನ ಕೂಡ್ಲಿಗಿಯಿಂದ ಕೊಟ್ಟೂರಿಗೆ ಹೊರಟಿದ್ದೆ. ತಿರುವು ದಾಟಿದರೆ ಡಾಂಬರೇ ಕಾಣಲಿಲ್ಲ. ಬಸ್ಸು ಲಾರಿಗಳು ತುಳಿದು ಕಾಳು ಬಿಡಿಸಲಿ ಎಂದು ರಸ್ತೆಯ ತುಂಬ ಹುರುಳಿ ಗಿಡ ಹರಡಿದ್ದರು. ಗಾಬರಿಯಲ್ಲಿ ಬ್ರೇಕ್ ಹಾಕಿದೆ. ಗಾಡಿ ಅತ್ತ, ನಾನು ಇತ್ತ, ಹುರುಳಿ ಸುತ್ತಮುತ್ತ. ತಲೆಯ ಮೇಲೆ ಹೆಲ್ಮೆಟ್ ಇರದಿದ್ದರೆ ಇದನ್ನು ಬೇರೆಯವರು ಬರೆಯಬೇಕಾಗುತ್ತಿತ್ತು.

ಬೇವಿನ ನೆರಳಿನಿಂದ ಹುರುಳಿಯ ಒಡತಿ ಓಡಿ ಬಂದಳು. ಎಬ್ಬಿಸುತ್ತಾಳೆ ಎಂದುಕೊಂಡೆ.

"ಕಾಳೆಲ್ಲ ಗಟಾರಕ್ಕ ಹೋತಲ್ರಿ! ಬ್ರೇಕ್ ಯಾಕ ಹಾಕಿದ್ರಿ? ಬಸ್ಸಿನವ್ರು ಹಾಕ್ತಾರೇನು?"

"ಯವ್ವಾ, ಇದು ರಸ್ತೆ, ನಿಮ್ಮ ಕಣ ಅಲ್ಲ! ಮೊಣಕಾಲು ಕಿತ್ತು ಬಂದೈತಿ ನೋಡು."

"ಕಾಲು ನಾಕು ದಿನಕ್ಕ ಮಾಯ್ತೈತಿ. ಚೆಲ್ಲಿದ್ದು ಯಾರು ಆರಿಸ್ತಾರ? ಹೆಂಗೂ ಗಾಡಿ ಐತಿ, ಇದರ ಮ್ಯಾಲ ಎರಡು ಸುತ್ತು ಹೊಡದು ಹೋಗ್ರಿ."

ಎರಡು ಸುತ್ತು! ಜೀವಕ್ಕಿಂತ ಕಾಳು ಹೆಚ್ಚೇ ಎಂದು ಗದರಲು ಬಾಯಿ ತೆರೆದೆ. ತೆರೆದವನು ಗಾಡಿ ಎತ್ತಿ ಸ್ಟಾರ್ಟ್ ಮಾಡಿದೆ.

ಹೋದ ವರ್ಷ ಅದೇ ತಿರುವಿನಲ್ಲಿ ಹರಡಿದ್ದು ನಮ್ಮ ಹುರುಳಿ. ಅದರ ಮೇಲೆ ಜಾರಿ ಬಿದ್ದವನಿಗೆ, "ಬ್ರೇಕ್ ಯಾಕ ಹಾಕಿದ್ಯೋ?" ಎಂದು ಬೈದವನು ನಾನೇ.