ಹಲಗೆಯ ನಡುವಿನ ಕೆಂಪು ಗೆರೆ

ಟಪ್.

ಕೊಯ್ಯುವ ಗೆರೆ ಮೂಡಿಸಲು, ಕೆಮ್ಮಣ್ಣಿನ ನೀರಲ್ಲಿ ಅದ್ದಿದ ದಾರವನ್ನು ಹಲಗೆಯ ಮೇಲೆ ಎಳೆದು ಹಿಡಿದು, ಮೇಲೆತ್ತಿ ಬಿಟ್ಟಾಗ ಬರುವ ಸದ್ದು. ಆಮೇಲೆ ಗರಗಸದ ಮೆಷಿನ್ ಎಷ್ಟು ಕಿರುಚಿತೋ ನೆನಪಿಲ್ಲ; ಈ ಪುಟ್ಟ ಟಪ್ ಮಾತ್ರ ಕಿವಿಯಲ್ಲೇ ಉಳಿದಿದೆ.

ಆವತಿಯ ನಮ್ಮ ಮನೆ ಪಾಲಾಗುತ್ತಿತ್ತು. ಏರ್‌ಪೋರ್ಟ್ ಬಂದಮೇಲೆ ಜಮೀನು ಹಂಚಿಯಾಗಿತ್ತು. ಪಾತ್ರೆ ಪಡಗವೂ ಸಮಸಮ ಆಗಿತ್ತು. ಉಳಿದಿದ್ದು ಅಟ್ಟದ ಮೇಲಿನ ಎರಡು ಹಲಸಿನ ಹಲಗೆ. ಹಿತ್ತಲ ಮರ ಬಿದ್ದಾಗ ಮಾವನವರು ಕೊಯ್ಯಿಸಿ ಒಣಗಲು ಇಟ್ಟದ್ದು. ಒಂದೊಂದೂ ಎರಡಡಿ ಅಗಲ, ಜೇನಿನ ಬಣ್ಣ. ಒಂದು ಪರ್ಫೆಕ್ಟ್, ಇನ್ನೊಂದರಲ್ಲಿ ಮುಷ್ಟಿಗಾತ್ರದ ಗಂಟು.

"ಎರಡನ್ನೂ ಉದ್ದಕ್ಕೆ ಸೀಳ್ಬಿಡಿ ಆಚಾರ್ರೇ," ಎಂದರು ಭಾವ, ನಮ್ಮ ಯಜಮಾನರ ಅಣ್ಣ. "ಒಳ್ಳೇದ್ರಲ್ಲೂ ಅರ್ಧ, ಗಂಟಿರೋದ್ರಲ್ಲೂ ಅರ್ಧ. ನಾಳೆ ಯಾರೂ ಮಾತಾಡಂಗಿಲ್ಲ."

ನಮ್ಮ ಯಜಮಾನರು ಹೂಂ ಎಂದು ತಲೆಯಾಡಿಸಿದರು.

"ಇಷ್ಟಗಲದ್ದು ಇನ್ನೆಲ್ ಸಿಕ್ತದೆ ಸ್ವಾಮಿ? ಟೇಬಲ್ ಆಗೋ ಹಲಗೆ. ಸೀಳಿದ್ರೆ ಗೋಡೆ ಶೆಲ್ಫು, ಅಷ್ಟೇಯ," ಎಂದರು ಆಚಾರಿ.

"ಶೆಲ್ಫೇ ಆಗ್ಲಿ ಬಿಡಿ," ಎಂದರು ಭಾವ.

ಅಕ್ಕ, ಅಂದರೆ ನನ್ನ ಓರಗಿತ್ತಿ, ಬೆಳಿಗ್ಗೆ ಅಡುಗೆಮನೆಯಲ್ಲೇ ಹೇಳಿದ್ದರು: "ಗಂಟಿರೋದು ಇಡೀದು ನಂಗಿರ್ಲಿ ಕಣೇ, ಒಳ್ಳೇದು ನೀನಿಟ್ಕೋ. ಒಂದು ಟೇಬಲ್ ಮಾಡಿಸ್ಕೋತೀನಿ. ಮಂಡಿ ಹೋದ್ವು, ನೆಲದ ಮೇಲೆ ಕೂತು ಹಪ್ಪಳ ಲಟ್ಟಿಸಕ್ಕಾಗಲ್ಲ. ನೀನೂ ಬಂದ್ರೆ ಎದುರಾಬದುರಾ ಕೂರ್ಬೋದು. ನೀನೇ ಹೇಳು, ಕಾನ್ವೆಂಟಲ್ಲಿ ಓದಿರೋಳು, ನಿನ್ ಮಾತು ಕೇಳ್ತಾರೆ. ನಾನು ಬಾಯ್ಬಿಟ್ರೆ ನಮ್ಮೋರು ಮನೆ ಹಾರಿಹೋಗೋ ಹಂಗೆ ಕೂಗ್ತಾರೆ."

"ಹೇಳ್ತೀನಕ್ಕ," ಅಂದಿದ್ದೆ. ಪ್ರಾಮಿಸ್ ಮಾಡಿದ್ದೆ.

"ಅಮ್ಮೋರೇ, ಸ್ವಲ್ಪ ಹಿಡ್ಕೊಳ್ಳಿ," ಎಂದು ಆಚಾರಿ ದಾರದ ಒಂದು ತುದಿ ನನಗೆ ಕೊಟ್ಟರು, ಇನ್ನೊಂದು ಅಕ್ಕನಿಗೆ. ಅಕ್ಕ ನನ್ನನ್ನೇ ನೋಡುತ್ತಿದ್ದರು. ಬೆರಳು ಸಡಿಲಿಸಿದ್ದರೂ ಸಾಕಿತ್ತು. ಆದರೆ ಬಾಯಿಬಿಟ್ಟರೆ, ಒಳ್ಳೆಯ ಹಲಗೆಗೆ ಆಸೆಪಟ್ಟಳು ಅಂತ ಭಾವ ಅನ್ನುತ್ತಾರೆ. ಎಲ್ಲರ ಮುಂದೆ ಮರ್ಯಾದೆ ಕಳೆದೆ ಅಂತ ನಮ್ಮ ಯಜಮಾನರು. ಸ್ಕೂಲಿನಲ್ಲಿ ಎಲೊಕ್ಯೂಷನ್‌ಗೆ ಫಸ್ಟ್ ಪ್ರೈಜ್ ತಂದವಳಿಗೆ ಒಂದು ವಾಕ್ಯ ಹೊರಡಲಿಲ್ಲ. ಗೆರೆ ಸೊಟ್ಟಗಾಗದಿರಲಿ ಎಂದು ದಾರವನ್ನು ಇನ್ನಷ್ಟು ಬಿಗಿಯಾಗಿ ಹಿಡಿದೆ. ಹಾಗೆ ಯಾಕೆ ಮಾಡಿದೆ, ಐ ಡೋಂಟ್ ನೋ.

ನನ್ನ ಪಾಲಿನ ಎರಡು ಪಟ್ಟಿಗಳು ಈಗ ಗೋಡೆಯ ಮೇಲಿವೆ. ಅವುಗಳ ಮೇಲೆ ಔಷಧಿ ಡಬ್ಬಿಗಳು, ಹಳೆಯ ಮ್ಯಾಗಜೀನ್‌ಗಳು. ಒಂದರ ಅಂಚಿನಲ್ಲಿ ಕೆಂಪು ಇನ್ನೂ ಇದೆ.

ಹಲಗೆ ಸೀಳಿದ ಮರುವಾರ, ಮನೆ ಬಿಟ್ಟ ಅಕ್ಕ-ಭಾವನ ಸಾಮಾನು ತುಂಬಿಕೊಂಡು ಗೂಡ್ಸ್ ಆಟೋ ಜಡಿಗೇನಹಳ್ಳಿಗೆ ಹೊರಟಿತು. ಡ್ರೈವರ್ ಪಕ್ಕ ಅಕ್ಕ, ಮಡಿಲಲ್ಲಿ ಲಟ್ಟಣಿಗೆಯ ಚೀಲ. ನಾನು ಗೇಟು ಹಿಡಿದು ನಿಂತಿದ್ದೆ.

"ಹೇಳ್ತೀನಿ ಅಂದಿದ್ಯಲ್ಲೇ," ಅಂದರು. ಸಿಟ್ಟೂ ಇರಲಿಲ್ಲ ದನಿಯಲ್ಲಿ.

ನಾನು ಏನಾದರೂ ಅನ್ನುವಷ್ಟರಲ್ಲಿ ಆಟೋ ಸ್ಟಾರ್ಟ್ ಆಯಿತು. ಅಕ್ಕನನ್ನು ನಾನು ನೋಡಿದ್ದು ಅದೇ ಕೊನೆ.